ಬೆಂಕಿ ಆರಿಸಿದ ನಮ್ಮಪ್ಪ

(ಸಂಘದ ವಾರ್ಷಿಕೋತ್ಸವದಲ್ಲಿ ಬ್ಲ್ಯಾಕ್‌ಟೌನ್‌ನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ನಮ್ಮ ಕಾರ್ಯದರ್ಶಿಗಳು ಕೇಳಿದಾಗ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡೋಣ ಎಂದುಕೊಂಡಿದ್ದೆ. ಆದರೆ ಆ ಮಾತನ್ನು ವೈದ್ಯರಾದ ನಾವು ವರ್ಷವರ್ಷವೂ ಹೇಳುತ್ತೇವೆ, ನೀವು ವರ್ಷವರ್ಷವೂ ಚಪ್ಪಾಳೆ ತಟ್ಟಿ ನೇರವಾಗಿ ಹೋಳಿಗೆಯ ಸಾಲಿಗೆ ಹೋಗುತ್ತೀರಿ! ಆದ್ದರಿಂದ ಇಂದು ಪಾಠ ಬೇಡ. ನಿಮ್ಮಲ್ಲಿ ಕೆಲವರು ನೋಡಿ ಮಾತಾಡಿಸಿರುವ ನಮ್ಮ ತಂದೆಯವರ ವಿಷಯ ಹೇಳುತ್ತೇನೆ. ಅವರು ಮೈಸೂರಿನಲ್ಲಿ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. 2022ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಅವರ ವಿಷಯದಲ್ಲಿ ಮಗಳಾಗಿ ನನಗೆ ಹೆಮ್ಮೆಯಿದೆ. ವೈದ್ಯೆಯಾಗಿ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಅಪ್ಪ ಕೆಲಸಕ್ಕೆ ಸೇರಿದ್ದು 1967ರಲ್ಲಿ. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ಅಗ್ನಿಶಾಮಕ ದಳಕ್ಕೆಂದು 1964ರಲ್ಲಿ ಕಾಯ್ದೆಯಾಗಿ ಮೂರೇ ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ರೈತರ ಮನೆಯ ಹುಡುಗ ಫೈರ್‌ಮನ್ ಆಗಿ ಸೇರಿ, ಲೀಡಿಂಗ್ ಫೈರ್‌ಮನ್ ಆಗಿ, 35 ವರ್ಷ ದುಡಿದು, 2002ರಲ್ಲಿ 58ನೇ ವಯಸ್ಸಿಗೆ ನಿವೃತ್ತರಾದರು.

ಫೈರ್‌ಮನ್ ಎಂದರೆ ದಿನವೂ ಬೆಂಕಿಯೊಳಗೆ ನುಗ್ಗುವವರು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಅಪ್ಪನ ಕೆಲಸದಲ್ಲಿ ಹೆಚ್ಚಿನದು ಬೇಸಿಗೆಯಲ್ಲಿ ಹಳ್ಳಿಗಳ ಹುಲ್ಲಿನ ಮೆದೆಗೆ ಬಿದ್ದ ಬೆಂಕಿ, ಬಾವಿಗೆ ಬಿದ್ದ ಎಮ್ಮೆ, ಮಳೆಗಾಲದಲ್ಲಿ ರಸ್ತೆಗೆ ಉರುಳಿದ ಮರ. ದಸರಾ ಬಂದರೆ ಬಂದೋಬಸ್ತಿನ ಕೆಲಸ. ದೀಪಾವಳಿಯಂತೂ ನಮ್ಮ ಮನೆಗೆ ಹಬ್ಬವೇ ಅಲ್ಲ. ಊರೆಲ್ಲ ಪಟಾಕಿ ಹೊಡೆಯುವ ರಾತ್ರಿಗಳಲ್ಲಿ ಅಪ್ಪ ಠಾಣೆಯಲ್ಲಿ ಬೂಟು ಬಿಚ್ಚದೆ ಕುಳಿತಿರುತ್ತಿದ್ದರು. ಅವರು ಬೆಳಿಗ್ಗೆ ಮನೆಗೆ ಬಂದ ಮೇಲೆಯೇ ನಮಗೆ ಎಣ್ಣೆ ನೀರು. ನರಕಚತುರ್ದಶಿಯ ಅಭ್ಯಂಜನ ನಮ್ಮಲ್ಲಿ ಎಷ್ಟೋ ಸಲ ಹತ್ತು ಗಂಟೆಗೆ ಆಗಿದೆ. ಅಜ್ಜಿ ಗೊಣಗುತ್ತಿದ್ದರು. ಅಮ್ಮ ಮಾತ್ರ, "ಮನೆ ಯಜಮಾನ ಬಂದ ಹೊತ್ತೇ ಸೂರ್ಯೋದಯ ಬಿಡಿ ಅತ್ತೆ" ಎಂದು ಹಂಡೆಗೆ ಸೌದೆ ಇಡುತ್ತಿದ್ದರು.

ಮನೆಗೆ ಬಂದ ಅಪ್ಪನನ್ನು ನಾವು ಓಡಿಹೋಗಿ ಅಪ್ಪಿಕೊಳ್ಳುವಂತಿರಲಿಲ್ಲ. "ತಡಿ ಪುಟ್ಟಿ, ಮೈಯೆಲ್ಲ ಮಸಿ" ಎಂದು ಹಿತ್ತಲಿನ ಬಚ್ಚಲಿಗೆ ಹೋಗಿ, ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಮೇಲೆಯೇ ನಮ್ಮನ್ನು ಮುಟ್ಟುತ್ತಿದ್ದದ್ದು. ಅವರ ಖಾಕಿ ಬಟ್ಟೆಯನ್ನು ಅಮ್ಮ ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆಯುವ ಕಲ್ಲಿನ ಮೇಲೆ ಕೈಯಾರೆ ಉಜ್ಜುತ್ತಿದ್ದರು. ಮೂರು ನೀರು ಬದಲಾಯಿಸಿದರೂ ಕರಿ ನೀರೇ. ಒಣಗಿ ಇಸ್ತ್ರಿಯಾದ ಮೇಲೂ ಆ ಅಂಗಿಗೆ ಹೊಗೆಯ ವಾಸನೆ ಹೋಗುತ್ತಿರಲಿಲ್ಲ. ನಮಗೆ ಅದೇ ಅಪ್ಪನ ವಾಸನೆ.

ಅಪ್ಪ ಕೆಲಸದ ವಿಷಯ ಮನೆಯಲ್ಲಿ ಆಡಿದವರಲ್ಲ. ಒಂದು ಸಲ ಮಾತ್ರ ಆಡಿದರು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನನ ಕುರಿತ ಹಿಂದಿ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದದ್ದು ನಿಮ್ಮಲ್ಲಿ ಮೈಸೂರಿನ ಕಡೆಯವರಿಗೆ ನೆನಪಿರಬಹುದು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಗೋಡೆಗಳಿಗೆ ಗೋಣಿಚೀಲ ಹೊದಿಸಿತ್ತು, ಹೊಗೆ ಹೋಗಲು ಗವಾಕ್ಷಿಗಳಿರಲಿಲ್ಲ, ಮೇಲೆ ದೊಡ್ಡ ದೊಡ್ಡ ದೀಪಗಳ ಕಾವು. ನಾನಾಗ ಆರನೇ ತರಗತಿ. ಅಪ್ಪ ಮನೆಗೆ ಬಂದದ್ದು ಮರುದಿನ. ಸ್ನಾನ ಮಾಡಿ ಊಟಕ್ಕೆ ಕುಳಿತವರು ತಟ್ಟೆಯನ್ನು ಹಾಗೇ ಬಿಟ್ಟು ಎದ್ದರು. ಎಷ್ಟೋ ದಿನಗಳ ನಂತರ ಅಮ್ಮನಿಗೆ, "ನೀರು ಸಾಕಷ್ಟಿತ್ತು ಕಣೇ, ಬಾಗಿಲು ಸಾಲದಾಗಿತ್ತು" ಎಂದಿದ್ದು ನನ್ನ ಕಿವಿಗೆ ಬಿತ್ತು. ಮರುವರ್ಷ ಆ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಬೀದಿಯೆಲ್ಲ ಟಿವಿ ಮುಂದೆ ಕೂತಿತ್ತು. ಅಪ್ಪ ಮಾತ್ರ ಆ ಹೊತ್ತಿಗೆ ಸರಿಯಾಗಿ ಸೈಕಲ್ಲು ತೆಗೆದುಕೊಂಡು ಹೊರಗೆ ಹೋಗಿಬಿಡುತ್ತಿದ್ದರು.

ಅಂದಿನಿಂದ ಅಪ್ಪನಿಗೆ ಒಂದು ಅಭ್ಯಾಸ. ಯಾವ ಛತ್ರಕ್ಕೆ, ಯಾವ ಸಿನಿಮಾ ಮಂದಿರಕ್ಕೆ ಹೋದರೂ ಕೂರುವ ಮೊದಲು ಬಾಗಿಲು ಎಣಿಸುವುದು. ನನ್ನ ಮದುವೆಯಲ್ಲಿ ಬೀಗರು ಎದುರುಗೊಳ್ಳಲು ನಿಂತಿದ್ದರೆ ಇವರು ಅಡಿಗೆ ಮನೆಯ ಹಿಂದಿನ ಬಾಗಿಲಿಗೆ ಅಡ್ಡ ಪೇರಿಸಿದ್ದ ಅಕ್ಕಿ ಮೂಟೆಗಳನ್ನು ಸರಿಸುತ್ತಿದ್ದರು. ನಮ್ಮ ಮಾವನವರು ಅದನ್ನು ಈಗಲೂ ಹೇಳಿ ನಗುತ್ತಾರೆ.

ನನ್ನನ್ನು ಎಂಬಿಬಿಎಸ್ ಓದಿಸಲು ಅಪ್ಪ ಜಿಪಿಎಫ್‌ನಿಂದ ಸಾಲ ತೆಗೆದರು. ಹೆಣ್ಣುಮಗುವಿಗೆ ಇಷ್ಟು ಓದೇಕೆ ಎಂದವರಿಗೆ, "ನಾನು ಹೊರಗೆ ಎಳಕೊಂಡು ಬಂದವರನ್ನ ಉಳಿಸೋಕೆ ಒಬ್ಬರು ಬೇಕಲ್ಲಪ್ಪ" ಎನ್ನುತ್ತಿದ್ದರು. ಸ್ಟೆತೊಸ್ಕೋಪನ್ನು ಕೊಡಿಸಿದವರೂ ಅವರೇ. ಅದನ್ನು ಮೊದಲು ಇಟ್ಟು ಕೇಳಿದ್ದು ಅವರ ಎದೆಗೇ.

ಅಪ್ಪ ಅಮ್ಮ 2019ರ ನವೆಂಬರಿನಲ್ಲಿ ಬ್ಲ್ಯಾಕ್‌ಟೌನಿಗೆ ಬಂದರು. ನಮ್ಮ ಮನೆಯಲ್ಲಿ ಅವರಿಗೆ ಮೊದಲು ಇಷ್ಟವಾದ ವಸ್ತು ಟಿವಿಯಲ್ಲ, ಫ್ರಿಜ್ಜಲ್ಲ, ಚಾವಣಿಯ ಸ್ಮೋಕ್ ಅಲಾರಂ. ಅಮ್ಮ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೊಡನೆ ಅದು ಬಾಯಿ ಬಿಟ್ಟಿತು. ಮಕ್ಕಳು ಕಿವಿ ಮುಚ್ಚಿಕೊಂಡು ಓಡಿದರೆ ಅಪ್ಪ ಅದನ್ನು ನೋಡುತ್ತಾ ನಿಂತರು. 2006ರ ಮೇ ತಿಂಗಳಿನಿಂದ ಈ ರಾಜ್ಯದ ಪ್ರತಿ ಮನೆಯಲ್ಲೂ ಇದು ಕಡ್ಡಾಯ ಎಂದಾಗ, "ಬಾಡಿಗೆ ಮನೇಲೂವಾ?" ಎಂದು ಎರಡು ಸಲ ಕೇಳಿದರು. ಸತ್ಯನಾರಾಯಣ ಪೂಜೆಯ ದಿನ ಊದುಬತ್ತಿ ಕರ್ಪೂರಕ್ಕೆ ಅದು ಕೂಗದಿರಲಿ ಎಂದು ನಾನು ಪ್ಲಾಸ್ಟಿಕ್ ಚೀಲ ಕಟ್ಟಿದ್ದೆ. ಅಪ್ಪ ಮರುಮಾತಿಲ್ಲದೆ ಕುರ್ಚಿ ಹಾಕಿಕೊಂಡು ಬಿಚ್ಚಿದರು. "ಕಾವಲುಗಾರನ ಬಾಯಿಗೆ ಬಟ್ಟೆ ಕಟ್ತೀಯಲ್ಲಮ್ಮ, ಕಿಟಕಿ ತೆಗಿ" ಎಂದರು. ಈ ಸಭೆಯಲ್ಲಿ ಎಷ್ಟು ಮನೆಗಳಲ್ಲಿ ಈಗಲೂ ಚೀಲ ಕಟ್ಟಿದೆಯೋ ನಾನು ಕೇಳುವುದಿಲ್ಲ. ಮನೆಗೆ ಹೋದ ಮೇಲೆ ಬಿಚ್ಚಿದರೆ ಸಾಕು.

ಮೊಮ್ಮಗನ ಕೈಹಿಡಿದು ನಡೆದಾಡಲು ಹೋದ ಅಪ್ಪ ಒಂದು ದಿನ ಇಲ್ಲಿಯ ಅಗ್ನಿಶಾಮಕ ಠಾಣೆಯ ಮುಂದೆ ನಿಂತುಬಿಟ್ಟರು. ಹುಡುಗ ತನ್ನ ತಾತನೂ ಫೈರ್ ಫೈಟರ್ ಎಂದು ಹೇಳಿಯೂಬಿಟ್ಟ. ಅಲ್ಲಿದ್ದವರು ಒಳಗೆ ಕರೆದರು. ನನಗೆ ಫೋನು ಬಂದು ನಾನು ಹೋಗುವ ಹೊತ್ತಿಗೆ ಅಪ್ಪನಿಗೆ ದುಭಾಷಿಯ ಅಗತ್ಯವೇ ಇರಲಿಲ್ಲ. ಹೋಸ್, ಬ್ರ್ಯಾಂಚ್, ಕಪ್ಲಿಂಗ್, ಪಂಪ್ ಎಂಬ ಮಾತುಗಳಲ್ಲೇ ಇಬ್ಬರ ಸಂಭಾಷಣೆ ಸಾಗಿತ್ತು. ಆ ಮಹಾಶಯರು ಬೆಂಕಿಗೆ ಹೋಗಿ ಬಂದ ಉಡುಪನ್ನು ಬೇರೆ ಚೀಲಕ್ಕೆ ಹಾಕಿ ತೊಳೆಯಲು ಕಳಿಸುವುದನ್ನು ತೋರಿಸಿದರು. ಅದನ್ನು ಮನೆಗೆ ಒಯ್ಯುವಂತಿಲ್ಲ, ಮಸಿಯಲ್ಲಿ ವಿಷವಿರುತ್ತದೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮ ಕೈಯಲ್ಲಿ ಉಜ್ಜುತಿದ್ದಳು" ಎಂದರು. ನಾನು ನಕ್ಕು, ಆ ಕಾಲವೇ ಬೇರೆ ಬಿಡಿ ಅಪ್ಪ ಎಂದೆ. ವೈದ್ಯೆಯಾದ ನನಗೆ ಅಂದು ಅಷ್ಟೇ ತೋಚಿದ್ದು.

ಆ ಬೇಸಿಗೆ ನಿಮಗೆಲ್ಲ ನೆನಪಿದೆ. ಹಗಲಲ್ಲೇ ಕತ್ತಲು, ಕೆಂಪು ಸೂರ್ಯ, ಒಣಹಾಕಿದ ಬಟ್ಟೆಯ ಮೇಲೆ ಬೂದಿ. ನ್ಯೂ ಸೌತ್ ವೇಲ್ಸ್ ರಾಜ್ಯವೊಂದರಲ್ಲೇ 50 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು, ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಹೋದವು. ಅಪ್ಪ ಬೆಳಿಗ್ಗೆಯಿಂದ ರಾತ್ರಿಯವರೆಗೆ ಟಿವಿ ಮುಂದೆ. ಬೆಂಕಿಗೆ ಎದುರು ನಿಂತವರಲ್ಲಿ ಬಹುಮಂದಿ ಗ್ರಾಮೀಣ ಅಗ್ನಿಶಾಮಕ ಸೇವೆಯ ಸ್ವಯಂಸೇವಕರು, ಅವರಿಗೆ ಸಂಬಳವಿಲ್ಲ ಎಂದಾಗ ಅವರು ನಂಬಲೇ ಇಲ್ಲ. "ಪಿಂಚಣಿನೂ ಇಲ್ವಾ?" ಎಂದರು.

ಡಿಸೆಂಬರ್ 19ರ ರಾತ್ರಿ ಸಿಡ್ನಿಯ ನೈರುತ್ಯಕ್ಕಿರುವ ಬಕ್ಸ್‌ಟನ್ ಬಳಿ ಮರವೊಂದು ಬಿದ್ದು ಅಗ್ನಿಶಾಮಕ ವಾಹನ ಮಗುಚಿತು. ಜೆಫ್ರಿ ಕೀಟನ್, 32 ವರ್ಷ, ಮತ್ತು ಆಂಡ್ರ್ಯೂ ಒ'ಡ್ವೈಯರ್, 36 ವರ್ಷ, ಇಬ್ಬರೂ ತೀರಿಕೊಂಡರು. ಇಬ್ಬರೂ ಹಾರ್ಸ್ಲೀ ಪಾರ್ಕ್ ದಳದ ಸ್ವಯಂಸೇವಕರು. ಆ ಊರು ನಮ್ಮ ಬ್ಲ್ಯಾಕ್‌ಟೌನಿಗೆ ದಕ್ಷಿಣಕ್ಕೆ ಕಾರಿನಲ್ಲಿ ಅರ್ಧ ಗಂಟೆಯ ದಾರಿಯೂ ಅಲ್ಲ. ಇಬ್ಬರ ಮನೆಯಲ್ಲೂ ಇನ್ನೂ ಎರಡು ತುಂಬದ ಕೂಸು. ಜನರು ಆ ಠಾಣೆಯ ಮುಂದೆ ಹೂ ಇಟ್ಟು ಬರುತ್ತಿದ್ದರು. ಅಪ್ಪ ಕರೆದುಕೊಂಡು ಹೋಗು ಎಂದರು. ಹೂ ಇಟ್ಟರು, ಹಿಂದೆ ಸರಿದು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನಿವೃತ್ತರಾಗಿ 17 ವರ್ಷವಾದ ಮೇಲೆ ಅಪ್ಪ ಸೆಲ್ಯೂಟ್ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

2020ರ ಜನವರಿ 2ರಂದು ಕೀಟನ್ ಅವರ ಅಂತ್ಯಕ್ರಿಯೆಯಲ್ಲಿ, ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡಿದ್ದ ಅವರ ಪುಟ್ಟ ಮಗನ ಎದೆಗೆ ಕಮಿಷನರ್ ಶೇನ್ ಫಿಟ್ಜ್‌ಸಿಮನ್ಸ್ ಅವರು ಮಂಡಿಯೂರಿ ಪದಕ ಚುಚ್ಚಿದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಆ ಕಮಿಷನರ ತಂದೆಯೂ 2000ದ ಜೂನ್ ತಿಂಗಳಲ್ಲಿ, ಕೂ-ರಿಂಗ್-ಗೈ ಕಾಡಿನಲ್ಲಿ ಮುಂಜಾಗ್ರತೆಗೆಂದು ಇಟ್ಟ ಬೆಂಕಿಯಲ್ಲಿ ಸಿಲುಕಿ ಸತ್ತವರು. ಅದನ್ನು ಹೇಳಿದಾಗ ಅಪ್ಪ, "ಹಾಗಾದ್ರೆ ಆ ಮಗೂಗೆ ಏನು ಹೇಳಬೇಕು ಅಂತ ಅವರಿಗೆ ಗೊತ್ತಿರುತ್ತೆ" ಎಂದರು.

ಅಪ್ಪ ಅಮ್ಮ 2020ರ ಫೆಬ್ರವರಿಯಲ್ಲಿ ಮೈಸೂರಿಗೆ ಹಿಂದಿರುಗಿದರು. ಮಾರ್ಚಿಯಲ್ಲಿ ಕೋವಿಡ್ ಕಾರಣ ಆಸ್ಟ್ರೇಲಿಯಾದ ಗಡಿ ಮುಚ್ಚಿತು. ನಾವು ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೋದರೆ ಬರುವ ಖಾತರಿಯಿಲ್ಲ. ವಾರಕ್ಕೆರಡು ಸಲ ವಿಡಿಯೋ ಕರೆ. 2021ರ ಜನವರಿಯಲ್ಲೊಂದು ದಿನ ಅಮ್ಮ, "ಅಪ್ಪನಿಗೆ ಸ್ವಲ್ಪ ಉಷ್ಣ ಆಗಿದೆ, ಕೊತ್ತಂಬರಿ ಬೀಜದ ಕಷಾಯ ಕೊಡ್ತಿದೀನಿ" ಎಂದರು. ನಾನು, ಎಳನೀರೂ ಕೊಡಿ ಎಂದೆ. ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ಅವರು ಹೇಳಲಿಲ್ಲ, ಉಷ್ಣ ಎಂದರೇನು ಎಂದು ನಾನು ಕೇಳಲಿಲ್ಲ. ನೋವಿರಲಿಲ್ಲ, ಎರಡು ದಿನ ಹೋಗಿ ನಿಂತಿತು. ಮತ್ತೆ ಬಂದದ್ದು ಮೂರು ತಿಂಗಳ ಮೇಲೆ. ಪರೀಕ್ಷೆಯಾಗಿ ಮೂತ್ರಕೋಶದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಕೋಶದ ಗೋಡೆಯನ್ನು ದಾಟಿತ್ತು.

ಆಸ್ಪತ್ರೆಯ ನಮೂನೆಯನ್ನು ಇಲ್ಲಿಂದಲೇ ಕಂಪ್ಯೂಟರಿನಲ್ಲಿ ತುಂಬಿ ಕಳಿಸಿದವಳು ನಾನು. ಬೀಡಿ ಸಿಗರೇಟು? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಉದ್ಯೋಗ? 'ನಿವೃತ್ತ ಸರ್ಕಾರಿ ನೌಕರ' ಎಂದು ಬರೆದೆ. ಮೂವತ್ತೈದು ವರ್ಷ ಬಾಯಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ಹೊಗೆಯಲ್ಲಿ ನಿಂತವರನ್ನು, ಮೇಜಿನ ಹಿಂದೆ ಕಡತ ನೋಡಿದವರ ಹಾಗೆ ಬರೆದೆ.

2021ರ ನವೆಂಬರ್ 1ರಂದು ನಿರ್ಬಂಧ ತೆರೆಯಿತು. ನಾನು ಅದೇ ವಾರ ಹೊರಟೆ. ಮುಂದಿನ ನಾಲ್ಕು ತಿಂಗಳಲ್ಲಿ ಎರಡು ಸಲ ಹೋಗಿಬಂದು, ಕೊನೆಯಲ್ಲಿ ಜೊತೆಗಿದ್ದೆ. ಅಪ್ಪನಿಗೆ ಯಾರ ಮೇಲೂ ಬೇಸರವಿರಲಿಲ್ಲ. ಆಸ್ಪತ್ರೆಯಲ್ಲೂ ಮೊದಲ ದಿನವೇ ಬಾಗಿಲು ಎಣಿಸಿದ್ದರು.

ಅವರು ಹೋಗಿ ಮೂರು ತಿಂಗಳಿಗೆ, 2022ರ ಜೂನ್ ತಿಂಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಭೆ ಸೇರಿಸಿತು. 8 ದೇಶಗಳ 25 ವಿಜ್ಞಾನಿಗಳು ಕುಳಿತು, ಅಗ್ನಿಶಾಮಕ ವೃತ್ತಿಯೇ ಕ್ಯಾನ್ಸರ್‌ಕಾರಕ ಎಂದು ನಿರ್ಣಯಿಸಿ ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸಿದರು. 2007ರಲ್ಲಿ ಇದೇ ಸಂಸ್ಥೆ 'ಇರಬಹುದು' ಎಂದಷ್ಟೇ ಹೇಳಿತ್ತು. ಸಾಕಷ್ಟು ಪುರಾವೆ ಸಿಕ್ಕ ಕ್ಯಾನ್ಸರುಗಳು ಎರಡು: ಶ್ವಾಸಕೋಶದ ಹೊರಪೊರೆ ಮುಂತಾದ ಕಡೆ ಬರುವ ಮೀಸೊಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರ್. ಕಾರಣ ಅರ್ಥವಾಗದ್ದೇನಲ್ಲ. ಹೊಗೆ ಮಸಿಗಳಲ್ಲಿನ ವಿಷ ಉಸಿರಿನಿಂದ ಮಾತ್ರವಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತದೆ. ರಕ್ತವನ್ನು ಸೋಸುವ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ, ಹೊರಹೋಗುವ ಮುನ್ನ ಅದು ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದೆ.

ಅಪ್ಪನ ಕಾಯಿಲೆಗೆ ಅವರ ಕೆಲಸವೇ ಕಾರಣ ಎಂದು ನಾನು ಹೇಳಲಾರೆ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ವಯಸ್ಸೂ ಒಂದು ಕಾರಣವೇ. ಆದರೆ ಇಲ್ಲಿಯ ಕಾನೂನು ಒಂದು ದಾರಿ ಮಾಡಿದೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2018ರಿಂದ, ಪಟ್ಟಿಯಲ್ಲಿರುವ ಕ್ಯಾನ್ಸರುಗಳಲ್ಲಿ ಯಾವುದಾದರೂ ಅಗ್ನಿಶಾಮಕ ಸಿಬ್ಬಂದಿಗೆ ಬಂದರೆ, ನಿಗದಿಯಾದಷ್ಟು ವರ್ಷ ಸೇವೆಯಾಗಿದ್ದರೆ, ಅದು ಕೆಲಸದಿಂದಲೇ ಬಂದದ್ದೆಂದು ಭಾವಿಸಿ ಪರಿಹಾರ ಕೊಡುತ್ತಾರೆ. ಸಂಬಳವಿಲ್ಲದ ಸ್ವಯಂಸೇವಕರಿಗೂ ಇದು ಅನ್ವಯಿಸುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ 15 ವರ್ಷದ ಸೇವೆ ಸಾಕು. ಅಪ್ಪನದು 35 ವರ್ಷ. ಆ ಕಾನೂನು ಅವರಿಗೆ ಸಲ್ಲದು, ಹಣ ಅವರಿಗೆ ಬೇಕಾಗಿಯೂ ಇರಲಿಲ್ಲ. ಆದರೆ ನಮೂನೆಯಲ್ಲಿ ಅವರ ಕೆಲಸದ ಹೆಸರು ಇರಬೇಕಾಗಿತ್ತು. ಅದಕ್ಕಿಂತ ಮೊದಲು, ಉಷ್ಣ ಎಂದು ಕೇಳಿದ ದಿನವೇ ಅದು ನನ್ನ ತಲೆಯಲ್ಲಿರಬೇಕಾಗಿತ್ತು.

ರೋಗಿಯನ್ನು ನಿನ್ನ ಕೆಲಸವೇನು ಎಂದು ಕೇಳಬೇಕು ಎಂದು ಇಟಲಿಯ ರಾಮಜ್ಜಿನಿ ಎಂಬ ವೈದ್ಯ 1700ರಲ್ಲೇ ಬರೆದಿದ್ದಾನೆ. ಚಿಮಣಿ ಗುಡಿಸುವವರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ಲಂಡನ್ನಿನ ಪರ್ಸಿವಲ್ ಪಾಟ್ 1775ರಲ್ಲಿ ತೋರಿಸಿದ. ಎರಡನ್ನೂ ನಾನು ಪರೀಕ್ಷೆಗೆ ಓದಿ ಅಂಕ ಪಡೆದಿದ್ದೇನೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಊರಿನಿಂದ ಬಂದ ತಂದೆ ತಾಯಿ, ಅತ್ತೆ ಮಾವಂದಿರನ್ನು ನಾವು ಒಪೆರಾ ಹೌಸ್‌ಗೆ, ಬ್ಲೂ ಮೌಂಟನ್ಸ್‌ಗೆ ಕರೆದುಕೊಂಡು ಹೋಗುತ್ತೇವೆ. ಒಂದು ಸಂಜೆ ಕಾಫಿ ಕೊಟ್ಟು, ನೀವು ಕೆಲಸದಲ್ಲಿ ದಿನವೆಲ್ಲ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಇಲಾಖೆಯ ಹೆಸರಲ್ಲ, ಕೈಯಲ್ಲಿ ಏನು ಹಿಡಿಯುತ್ತಿದ್ದರು, ಮೂಗಿಗೆ ಏನು ಹೋಗುತ್ತಿತ್ತು ಎಂದು ಕೇಳಿ. ಕೋಲಾರದ ಚಿನ್ನದ ಗಣಿಯ ಧೂಳು ಕುಡಿದವರಿರಬಹುದು, ದಾವಣಗೆರೆಯ ಹತ್ತಿ ಗಿರಣಿಯವರಿರಬಹುದು, ಮಂಗಳೂರು ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿ ಇರಬಹುದು, ಬಣ್ಣದ ಕಾರ್ಖಾನೆ, ಕಾಫಿ ತೋಟದ ಔಷಧಿ ಸಿಂಪಡಿಸಿದವರಿರಬಹುದು. ಅದನ್ನು ಒಂದು ಕಾಗದದಲ್ಲಿ ಬರೆದು, ಯಾವ ವೈದ್ಯರ ಬಳಿ ಹೋದರೂ ತೋರಿಸಿ. ವೈದ್ಯರು ಕೇಳದಿದ್ದರೂ ಹೇಳಿ. ಬಟ್ಟೆ ಒಗೆದ ತಾಯಂದಿರ ವಿಷಯವನ್ನೂ ಹೇಳಿ. ನಮ್ಮಮ್ಮ ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಕಡತದಲ್ಲಿ ಈಗ ಅದನ್ನು ಬರೆಸಿದ್ದೇನೆ.

ಇನ್ನೊಂದು ಮಾತು. ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಾನೇ ನಿಂತುಹೋದರೂ ಅದನ್ನು ಉಷ್ಣ ಎಂದು ಬಿಡಬೇಡಿ. ನೋವಿಲ್ಲದೆ ಬರುವ ರಕ್ತವನ್ನೇ ನಾವು ಹೆಚ್ಚು ಸಂಶಯದಿಂದ ನೋಡುತ್ತೇವೆ. ಬೇಗ ತಿಳಿದರೆ ಮೂತ್ರಕೋಶದೊಳಗೆ ದುರ್ಬೀನು ಹಾಕಿ ಗಡ್ಡೆಯನ್ನು ಒಳಗಿಂದಲೇ ತೆಗೆಯಬಹುದು. ಕಷಾಯ ಬೇಕಾದರೆ ಕುಡಿಯಿರಿ, ವೈದ್ಯರ ಬಳಿ ಹೋಗಿ ಬಂದ ಮೇಲೆ ಕುಡಿಯಿರಿ.

ಬೆಂಕಿ ಬಿದ್ದ ಮನೆಯ ಮುಂದೆ ಇಳಿದ ಕೂಡಲೇ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ, "ಒಳಗೆ ಯಾರಾದರೂ ಇದ್ದಾರಾ?" ಎಂಬುದು. ಆಸ್ತಿ ಎಷ್ಟು ಹೋಯಿತು ಎಂಬುದು ಆಮೇಲೆ. ಹಾಗೆ ಅವರು ಎಷ್ಟು ಜನರನ್ನು ಹೊರಗೆ ತಂದರೋ ಲೆಕ್ಕವಿಟ್ಟವರಲ್ಲ, ನಾವೂ ಕೇಳಲಿಲ್ಲ. ನೀವು ಕೇಳಿ. ನಿಮ್ಮ ಹಿರಿಯರು ಇನ್ನೂ ನಿಮ್ಮೆದುರಿಗಿದ್ದಾರೆ.

ಅಂದಹಾಗೆ, ಈ ಸಭಾಂಗಣಕ್ಕೆ ನಾಲ್ಕು ಬಾಗಿಲುಗಳಿವೆ. ಹಿಂದಿನ ಬಾಗಿಲಿಗೆ ಅಡ್ಡವಾಗಿ ಊಟದ ತಟ್ಟೆಗಳ ಪೆಟ್ಟಿಗೆ ಪೇರಿಸಿದ್ದರು, ಬರುವಾಗಲೇ ಮಗನ ಕೈಯಲ್ಲಿ ಸರಿಸಿಟ್ಟಿದ್ದೇನೆ. ದಯವಿಟ್ಟು ಮತ್ತೆ ಅಲ್ಲಿ ಇಡಬೇಡಿ.